ಗಂಡ ಸಮುದ್ರದಲ್ಲಿ, ಸಂಸಾರ ದಡದಲ್ಲಿ: ಅನುಭವವಿದ್ದವರು ಹೇಳಿ

ಪ್ರಶ್ನೆ: ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಂಡ ಆಳಸಮುದ್ರದ ಮೀನುಗಾರಿಕೆ ಬೋಟಿನಲ್ಲಿದ್ದಾರೆ. ಹೋದರೆ ವಾರಗಟ್ಟಲೆ ಸುದ್ದಿಯಿಲ್ಲ. ದುಡ್ಡು ಒಮ್ಮೆ ಕೈತುಂಬ, ಒಮ್ಮೆ ಬರಿಗೈ. ಅವರು ದೂರವಿದ್ದಾಗಿನದಕ್ಕಿಂತ ಮನೆಗೆ ಬಂದಾಗಲೇ ಮನಸ್ತಾಪ ಹೆಚ್ಚು. ಈಗ ನಾನು ಗರ್ಭಿಣಿ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ: ತಂಗಿ, ಬಂದಾಗ ಮನಸ್ತಾಪವಾಗುವುದು ನಿಮ್ಮ ಮನೆಯಲ್ಲಿ ಮಾತ್ರವಲ್ಲ. ಬಲೆ ಬಿಡುವುದು, ಎಳೆಯುವುದು, ಮೀನು ವಿಂಗಡಿಸಿ ಐಸ್ ಹಾಕುವುದು ಹಗಲು ರಾತ್ರಿ ನಡೆಯುವ ಕೆಲಸ. ಅಲ್ಲಿ ತುಂಡು ತುಂಡು ನಿದ್ದೆ ಮಾಡಿದವರು ದಡಕ್ಕೆ ಬಂದ ಮೊದಲ ದಿನ ಅರ್ಧ ಮನುಷ್ಯರಾಗಿರುತ್ತಾರೆ. ಆ ದಿನ ಮನೆಯ ದೂರು, ಬಾಕಿ ಬಿಲ್, ನೆಂಟರ ಮಾತು ಯಾವುದನ್ನೂ ನಾನು ಎತ್ತುವುದಿಲ್ಲ. ನಿಜವಾದ ತೊಡಕು ಎರಡನೆಯ ದಿನದಿಂದ. ಇಷ್ಟು ದಿನ ಮನೆಯ ಎಲ್ಲ ತೀರ್ಮಾನವೂ ನಮ್ಮದೇ. ಅವರು ಬಂದವರೇ, ಮಕ್ಕಳು ಇನ್ನೂ ಏಕೆ ಮಲಗಿಲ್ಲ, ಪಾತ್ರೆ ಇಲ್ಲೇಕೆ ಇದೆ ಎಂದು ಶುರುಮಾಡುತ್ತಾರೆ. ಬೋಟಿನಲ್ಲಿ ಹೇಳಿ ಹೇಳಿಸಿಕೊಂಡ ಗಡಸು ದನಿ ಇನ್ನೂ ಇಳಿದಿರುವುದಿಲ್ಲ. ನಮ್ಮಲ್ಲಿ ಒಂದು ಒಪ್ಪಂದವಿದೆ: ಅವರಿಲ್ಲದಾಗ ಆದ ತೀರ್ಮಾನವನ್ನು ಬಂದ ಮೇಲೆ ತಿರುವಿಹಾಕುವಂತಿಲ್ಲ. ಹಾಗೆಂದು ಅವರನ್ನು ಅತಿಥಿಯಂತೆ ಕೂರಿಸುವುದೂ ಇಲ್ಲ, ಮಗಳ ಶಾಲೆಯ ವಿಚಾರ ಪೂರ್ತಿ ಅವರದೇ. ಕಳಚಿದ ನಲ್ಲಿಗಳ ಪಟ್ಟಿಯನ್ನಷ್ಟೇ ಕೈಗಿತ್ತರೆ ಯಾವ ಗಂಡಸಿಗೂ ಅದು ತನ್ನ ಮನೆ ಎನಿಸುವುದಿಲ್ಲ.

ಇನ್ನೊಬ್ಬರು: ನಾನು ದುಡ್ಡಿನ ಬಗ್ಗೆ ಹೇಳುತ್ತೇನೆ. ಪಾಲಿನ ಲೆಕ್ಕದ ಬೋಟಾದರೆ, ಮೀನು ಮಾರಿದ ಹಣದಲ್ಲಿ ಸಾಮಾನ್ಯವಾಗಿ ಮೊದಲು ಡೀಸೆಲ್, ಐಸ್, ರೇಷನ್ ಖರ್ಚು ಕಳೆಯುತ್ತಾರೆ. ಉಳಿದದ್ದರಲ್ಲಿ ಬೋಟಿನ ಪಾಲು, ಆಮೇಲೆ ಕೆಲಸಗಾರರ ಪಾಲು. ಹಾಗಾಗಿ ಬೋಟು ತುಂಬಿ ಬಂದಿತೆಂದು ಕುಣಿಯಬೇಡಿ. ಅದೇ ದಿನ ಹತ್ತಾರು ಬೋಟುಗಳು ಅದೇ ಮೀನು ತಂದರೆ ದರ ನೆಲ ಕಚ್ಚುತ್ತದೆ. ಮನೆಖರ್ಚನ್ನು ಸೊರಗಿದ ಪ್ರಯಾಣದ ಪಾಲಿಗೆ ಹೊಂದಿಸಿ, ಮಿಕ್ಕದ್ದನ್ನು ಬೋಟು ಹೊರಡದ ತಿಂಗಳುಗಳಿಗೆ ಎತ್ತಿಡಿ. ಮಾಲೀಕರಿಂದ ಮುಂಗಡ ಪಡೆದಿದ್ದರೆ ಅದು ಮುಂದಿನ ಪಾಲುಗಳಲ್ಲಿ ಮುರಿದುಕೊಳ್ಳುವ ಸಾಲ. ಎಷ್ಟು ತೀರಿದೆ ಎಂಬ ಲೆಕ್ಕ ನಿಮಗೂ ಗೊತ್ತಿರಲಿ. ಗಂಡಸರು ಇದನ್ನು ಮನೆಯಲ್ಲಿ ಹೇಳುವುದಿಲ್ಲ, ಕೇಳಲೇಬೇಕು. ಜಂಟಿ ಖಾತೆ ಮತ್ತು ವಿಮೆಯ ನಾಮಿನಿ ಕೆಲಸವನ್ನು ಹೆರಿಗೆಗೆ ಮೊದಲೇ ಮುಗಿಸಿ.

ಮತ್ತೊಬ್ಬರು: ಅವರು ಸಮುದ್ರದಲ್ಲಿದ್ದಾಗ ಕೆಟ್ಟ ಸುದ್ದಿ ತಿಳಿಸಬೇಡಿ. ಅಲ್ಲಿಂದ ಅವರು ಮಾಡುವುದಾದರೂ ಏನು? ಯಂತ್ರ, ಹಗ್ಗಗಳ ನಡುವೆ ಮನಸ್ಸು ಬೇರೆಡೆ ಹೋದರೆ ಕೈ ಬೆರಳು ಹೋಗುತ್ತದೆ.

ಅದಕ್ಕೆ ಪ್ರತ್ಯುತ್ತರ: ನಾನು ಒಪ್ಪುವುದಿಲ್ಲ. ಮುಚ್ಚಿಟ್ಟಿದ್ದು ಬಂದರಿನಲ್ಲಿ ಬೇರೆಯವರ ಬಾಯಿಂದ ಕಿವಿಗೆ ಬಿದ್ದರೆ ಅದರ ನೋವೇ ಬೇರೆ. ಬೋಟಿನ ವಿಎಚ್‌ಎಫ್ ರೇಡಿಯೊದಲ್ಲಿ ಆಡಿದ ಮಾತನ್ನು ಅದೇ ಚಾನೆಲ್‌ನಲ್ಲಿರುವ ಸುತ್ತಲಿನ ಬೋಟುಗಳೆಲ್ಲ ಕೇಳಬಹುದು ಎಂಬುದೂ ನೆನಪಿರಲಿ. ಯಾವ ಸುದ್ದಿ ಕಳಿಸಬೇಕು, ಯಾವುದನ್ನು ತಡೆದಿಡಬೇಕು ಎಂದು ಹೊರಡುವ ಮೊದಲು ಅವರನ್ನೇ ಕೇಳಿ.

ಉತ್ತರ: ಯಾರೂ ಹೇಳದ ಒಂದು ವಿಷಯ. ಬೋಟಿನಲ್ಲಿ ತುರ್ತು ಬೀಕನ್, ಅಂದರೆ ಅಪಾಯದ ಸಂಕೇತ ಕಳಿಸುವ ಉಪಕರಣ, ಇದೆಯೇ ಎಂದು ವಿಚಾರಿಸಿ. 406 ಮೆಗಾಹರ್ಟ್ಸ್‌ನ ಬೀಕನ್ ಚಾಲೂ ಆದರೆ ಸಂಕೇತ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಕೇಂದ್ರದವರು ಬೀಕನ್ನಿನ ನೋಂದಣಿಯಲ್ಲಿರುವ ದಡದ ನಂಬರಿಗೆ ಕರೆಮಾಡಿ, ಬೋಟು ನಿಜಕ್ಕೂ ಸಮುದ್ರದಲ್ಲಿದೆಯೇ, ಎಷ್ಟು ಜನರಿದ್ದಾರೆ ಎಂದು ಕೇಳುತ್ತಾರೆ. ಆ ನಂಬರ್ ಯಾರದ್ದು? ಬೋಟಿನ ಹೆಸರು, ನೋಂದಣಿ ಸಂಖ್ಯೆ, ಮಾಲೀಕರ ಫೋನ್, ಮರಳುವ ಅಂದಾಜು ದಿನ ಒಂದು ಕಾಗದದಲ್ಲಿ ಬರೆದಿಡಿ. ತಡವಾದರೆಲ್ಲ ಅನಾಹುತವಲ್ಲ. ಎಂಜಿನ್ ಕೈಕೊಟ್ಟಿರಬಹುದು, ಮೀನು ಚೆನ್ನಾಗಿ ಬೀಳುತ್ತಿರಬಹುದು. ಎಷ್ಟು ತಡವಾದರೆ ಯಾರಿಗೆ ಕರೆ ಮಾಡಬೇಕೆಂದು ಗಂಡನ ಜೊತೆಗೇ ನಿಗದಿಮಾಡಿಕೊಳ್ಳಿ, ಗಾಳಿಸುದ್ದಿಯ ಹಿಂದೆ ಓಡಬೇಡಿ. ಇನ್ನು ಲೈಫ್ ಜಾಕೆಟ್: ಕ್ಯಾಬಿನ್ನಿನಲ್ಲಿ ನೇತುಹಾಕಿದ್ದು ಡೆಕ್ಕಿನಿಂದ ಬಿದ್ದವರನ್ನು ತೇಲಿಸುವುದಿಲ್ಲ. ಗಾಳಿ ತುಂಬಿಕೊಳ್ಳುವ ತೆಳುವಾದ ಜಾಕೆಟ್‌ಗಳನ್ನು ಧರಿಸಿಯೇ ಬಲೆಯ ಕೆಲಸ ಮಾಡಬಹುದು. ಇದಕ್ಕಾಗಿ ಜಗಳವಾಡಿದರೂ ತಪ್ಪಿಲ್ಲ.

ಇನ್ನೊಬ್ಬರು: ಹೆರಿಗೆಯ ದಿನ ಅವರು ಇರುತ್ತಾರೆಂದು ನಂಬಿಕೊಳ್ಳಬೇಡಿ. ಆಸ್ಪತ್ರೆಗೆ ಜೊತೆ ಬರುವವರನ್ನು ಈಗಲೇ ಗೊತ್ತುಮಾಡಿ. ಮುಂದೆ ಮಗು ಅಪ್ಪನನ್ನು ಕಂಡು ಅತ್ತರೆ ಬಲವಂತವಾಗಿ ಅವರ ಮಡಿಲಿಗೆ ಹಾಕಬೇಡಿ. ಪಕ್ಕದಲ್ಲಿ ಕೂತು ಆಡಲಿ, ತಾನಾಗಿ ಹತ್ತಿರ ಬರುತ್ತದೆ.

ಪ್ರಶ್ನೆ ಕೇಳಿದವರು: ಅಕ್ಕಂದಿರಿಗೆಲ್ಲ ಧನ್ಯವಾದ. ಬೀಕನ್ ವಿಷಯ ಮಾಲೀಕರನ್ನು ಕೇಳಿದೆ. ನೋಂದಣಿಯಲ್ಲಿದ್ದದ್ದು ಬೋಟನ್ನು ಮಾರಿಹೋದ ಹಿಂದಿನ ಮಾಲೀಕರ ನಂಬರ್! ಈ ವಾರ ಬದಲಾಯಿಸುತ್ತಾರಂತೆ. ಮುಂಗಡದ ಲೆಕ್ಕವನ್ನು ಗಂಡನ ಬಳಿ ಇನ್ನೂ ಕೇಳಿಲ್ಲ, ನಿನ್ನೆಯಷ್ಟೇ ದಡಕ್ಕೆ ಬಂದಿದ್ದಾರೆ.