ಅಣ್ಣನಿಗೆ ಅಡಿಕೆ ಮರ ಹತ್ತುವುದು ಬಿಡಿಸಿ ದೋಟಿ ಕೊಡಿಸಲಾ? ಅನುಭವ ಇದ್ದವರು ಹೇಳಿ

ಸಾಗರದ ತಮ್ಮ: ಅಣ್ಣನಿಗೆ 46 ವರ್ಷ. 24 ವರ್ಷದಿಂದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವನು. ಕೊಯ್ಲೂ ಅವನೇ, ಕೊಳೆ ರೋಗಕ್ಕೆ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣ ಕಲಸಿದ ನೀರು) ಹೊಡೆಯುವುದೂ ಅವನೇ. ಹೋದ ಮಳೆಗಾಲದಲ್ಲಿ ಕಾಲಿಗೆ ಹಾಕುವ ತಳೆ (ಹಗ್ಗದ ಬಳೆ) ಜಾರಿ ಎಂಟು ಅಡಿಯಿಂದ ಬಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ. ಈಗ ಕಣ್ಣು ಉರಿ, ಬಿಡದ ಕೆಮ್ಮು. ನೆಲದಲ್ಲಿ ನಿಂತೇ ಕೊಯ್ಯುವ, ಮದ್ದು ಹೊಡೆಯುವ ಉದ್ದ ಕೋಲು, ದೋಟಿ, ತೆಗೆಸಿಕೊಡೋಣ ಅಂತಿದ್ದೇನೆ. ಏನಂತೀರಿ?

ಬಿದ್ದು ಎದ್ದವನು, ಸಿದ್ದಾಪುರ: ನಾನು ಬಿದ್ದದ್ದು 2019ರ ಆಗಸ್ಟ್‌ನಲ್ಲಿ, ಎರಡನೇ ಮದ್ದಿಗೆ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಎಳೆದುಕೊಂಡ ಮರದ ತುದಿ ಲಟಕ್ಕನೆ ಮುರಿಯಿತು. ಬೆನ್ನುಮೂಳೆ ಒಡೆಯಿತು. ಲೆಕ್ಕ ಕೇಳಿ. ಆಂಬುಲೆನ್ಸ್ 6,500. ಆಪರೇಷನ್, ರಾಡು, ಸ್ಕ್ರೂ ಸೇರಿ 2,85,000. ಬೆಲ್ಟ್ 1,800. ಕುಕ್ಕರಗಾಲಲ್ಲಿ ಕೂರಲು ಆಗಲ್ಲ ಅಂತ ಮನೆಗೆ ಕಮೋಡ್, 9,200. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 11 ತಿಂಗಳು ಕೂಲಿ ಇಲ್ಲ. ತೋಟದವರು 40,000 ಕೊಟ್ಟರು, ಅದರಲ್ಲಿ 15,000 ಹಳೇ ಮುಂಗಡಕ್ಕೆ ವಜಾ. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇತ್ತು. ಆಗ ವರ್ಷಕ್ಕೆ 12 ರೂಪಾಯಿ, 2022ರಿಂದ 20. ಸತ್ತರೆ 2 ಲಕ್ಷ. ಕೈ, ಕಾಲು, ಕಣ್ಣು ಪೂರ್ತಿ ಹೋದರೆ ದುಡ್ಡು. ಆಸ್ಪತ್ರೆ ಬಿಲ್ಲಿಗೆ ಪೈಸೆ ಇಲ್ಲ. ನಾನು ನಡೆಯುತ್ತೇನಲ್ಲ, ಹಾಗಾಗಿ ನನಗೆ ಸೊನ್ನೆ.

ದೋಟಿ ಹಿಡಿದವನು, ಪುತ್ತೂರು: ಅದಕ್ಕೇ ಹೇಳೋದು, ನೆಲದ ಮೇಲೆ ನಿಂತವನು ಬೀಳುವುದಿಲ್ಲ. 2021ರಲ್ಲಿ 60 ಅಡಿಯ ಕಾರ್ಬನ್ ಫೈಬರ್ ದೋಟಿ ತಗೊಂಡೆ, 78,000. ಪಹಣಿ ಜಂಟಿಯಲ್ಲಿದೆ ಅಂತ ಸಬ್ಸಿಡಿ ಅರ್ಜಿ ಎರಡು ಸಲ ವಾಪಸ್ ಬಂತು. ಮೊದಲ ವಾರ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಮರುವರ್ಷ ಲಾಕ್ ಹೋಗಿ 3,400. ಆದರೂ ಅಲ್ಲಿಂದ ಇಲ್ಲಿವರೆಗೆ ನನ್ನ ತೋಟದಲ್ಲಿ ಯಾರೂ ಮರ ಹತ್ತಿಲ್ಲ. ಹತ್ತುವವರನ್ನು ಕಾಯುತ್ತ ಕೂತಿದ್ದರೆ ಅಡಿಕೆಯೆಲ್ಲ ಕೊಳೆತು ಬುಡದಲ್ಲಿರುತ್ತಿತ್ತು. ದಿನಕ್ಕೆ ಎರಡು ಸಾವಿರ ಕೇಳುತ್ತಾರೆ, ಮಧ್ಯಾಹ್ನಕ್ಕೇ ಇಳಿದು ಹೋಗುತ್ತಾರೆ.

ಬಿದ್ದು ಎದ್ದವನು, ಸಿದ್ದಾಪುರ: ಎರಡು ಸಾವಿರ ಜಾಸ್ತಿ ಆಯ್ತಾ ಸ್ವಾಮಿ? ಪಾಚಿ ಕಟ್ಟಿದ ಮರ ಒಂದು ಹತ್ತಿ ತೋರಿಸಿ, ನಾನೇ ಮೂರು ಕೊಡುತ್ತೇನೆ.

ಕೊಪ್ಪದ ಅಕ್ಕ: ದೋಟಿ ಹೊಗಳುವವರು ಕರೆಂಟಿನ ವಿಷಯ ಮಾತ್ರ ಎತ್ತುವುದಿಲ್ಲ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಭಾವ ತೋಟದ ಮೇಲೆ ಹಾದ ಲೈನಿಗೆ ತಾಗಿಸಿ ಎರಡು ಬೆರಳು ಕಳೆದುಕೊಂಡರು. ಇನ್ನು ಮದ್ದು. ನಮ್ಮ ಮನೆಯವರ ಉಗುರಿನ ಸಂದಿ ದೀಪಾವಳಿ ತನಕ ನೀಲಿ. ಅಂಗಿಯನ್ನು ಮೂರು ನೀರಲ್ಲಿ ಜಾಲಿಸಿದರೂ ಬಕೆಟಿನ ತಳದಲ್ಲಿ ನೀಲಿ ಕೂರುತ್ತದೆ. ದೋಟಿ ಹಿಡಿದು ಮೇಲೆ ನೋಡುತ್ತ ನಿಂತರೆ ಆ ಹನಿಯೆಲ್ಲ ಮುಖಕ್ಕೇ ಅಲ್ವಾ? ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಬೋರ್ಡೋ ಹೊಡೆದವರ ಶ್ವಾಸಕೋಶ ಹಾಳಾದದ್ದನ್ನು ಅಲ್ಲಿನ ಡಾಕ್ಟರುಗಳು 1969ರಲ್ಲೇ ಬರೆದಿದ್ದಾರೆ. ಇವರಿಗೆ ಕನ್ನಡಕ ತಂದುಕೊಟ್ಟೆ, 350 ರೂಪಾಯಿ. ಮಂಜು ಕಟ್ಟುತ್ತದೆ ಅಂತ ಕೊಟ್ಟಿಗೆಯ ಗೂಟಕ್ಕೆ ನೇತು ಹಾಕಿದ್ದಾರೆ.

ದೋಟಿ ಹಿಡಿದವನು, ಪುತ್ತೂರು: ಲೈನಿನ ಹತ್ತಿರ ದೋಟಿ ಎತ್ತಬಾರದು ಅಂತ ಯಾರಿಗೆ ಗೊತ್ತಿಲ್ಲ? ಉರಿ ಬರುವುದು ಮದ್ದು ಮಾಡಲು ಬಾರದವರಿಗೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಕತ್ತಿ ಅದ್ದಿ ನೋಡಿ. ಅಲಗು ಕೆಂಪಾದರೆ ಸುಣ್ಣ ಸಾಲದು.

ಕೊಪ್ಪದ ಅಕ್ಕ: ಸುಣ್ಣ ಕಣ್ಣಿಗೆ ಬಿದ್ದರೆ ತಂಪಾಗುತ್ತದಾ? ನಾನು 19 ವರ್ಷದಿಂದ ಡ್ರಮ್ಮಿನ ಪಕ್ಕ ನಿಂತು ಕಲಸಿಕೊಡುತ್ತಿದ್ದೇನೆ. ನೀವು ಬರೀ ಕತ್ತಿ ಅದ್ದಿದ್ದು.

ಸಾಗರದ ತಮ್ಮ: ನಮ್ಮ ತೋಟದ ಅಂಚಲ್ಲೇ ಲೈನ್ ಹೋಗಿದೆ. ಹಾಗಾದರೆ ದೋಟಿ ಬೇಡ ಅಂತಲಾ? ಕೆಮ್ಮಿಗೆ ಯಾವ ಡಾಕ್ಟರಿಗೆ ತೋರಿಸಿದಿರಿ, ಯಾರಾದರೂ ಹೇಳಿ.

ಬಿದ್ದು ಎದ್ದವನು, ಸಿದ್ದಾಪುರ: ಕತ್ತಿ ಅದ್ದುವುದು ನಮ್ಮಪ್ಪನ ಕಾಲದ್ದು. ಈಗಿನ ಪ್ಯಾಕೆಟ್ ಸುಣ್ಣ ಒಂದಕ್ಕೆ ಒಂದು ಹಾಕಿದರೂ ಸಾಲುವುದಿಲ್ಲ.

ದೋಟಿ ಹಿಡಿದವನು, ಪುತ್ತೂರು: ಪ್ಯಾಕೆಟ್ ಸುಣ್ಣ ಯಾರು ತರಲು ಹೇಳಿದ್ದು? ಚಿಪ್ಪಿನ ಸುಣ್ಣ ತಂದು ಹಿಂದಿನ ದಿನವೇ ನೀರು ಹಾಕಿ ಅರಳಿಸಿ.

ಬಿದ್ದು ಎದ್ದವನು, ಸಿದ್ದಾಪುರ: ಅರಳಿಸಲು ನಿಮ್ಮ ಮನೆಯಲ್ಲಿ ಆಳಿರಬಹುದು.