ಅಕ್ಕನ ಮಗಳ ನೆನಪಿನ ಪುಸ್ತಕ: ಫೋನಿನಲ್ಲಿರುವ ದನಿ, ಕೈಬರಹ ಉಳಿಸುವುದು ಹೇಗೆ?

ಡೊಂಬಿವಲಿ ಚಿಕ್ಕಮ್ಮ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ತೀರಿಕೊಂಡು ಎರಡೂವರೆ ತಿಂಗಳಾಯಿತು. 16 ವರ್ಷ, ಹತ್ತನೆಯದು ಮುಗಿಸಿದ್ದಳು. ವರ್ಷಾಂತಿಕದ ಹೊತ್ತಿಗೆ ಒಂದು ಸಣ್ಣ ಪುಸ್ತಕ ತಂದು, ಅವಳ ಗೆಳತಿಯರನ್ನೆಲ್ಲ ಕರೆದು ನುಡಿನಮನ ಇಟ್ಟುಕೊಳ್ಳಬೇಕೆಂದಿದ್ದೇವೆ. ಆಂಡ್ರಾಯ್ಡ್ ಫೋನು ಅವತ್ತಿನಿಂದ ಸ್ವಿಚ್ ಆಫ್. ಪಿನ್ ಅವಳ ತಮ್ಮನಿಗೆ ಗೊತ್ತು. ನೋಟ್‌ಬುಕ್ಕು, ಬಟ್ಟೆ ಇದ್ದ ಹಾಗೇ ಇವೆ. ಅಕ್ಕ-ಭಾವನಿಗೆ ಮುಟ್ಟಲು ಮನಸ್ಸು ಬರುತ್ತಿಲ್ಲ, ನನಗೆ ಒಪ್ಪಿಸಿದ್ದಾರೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ಘಾಟ್ಕೋಪರ್ ಮೊಬೈಲ್
ಫೋನಿಗೆ, ಅದೂ ಈ ವಾರವೇ. ಪ್ರೀಪೇಡ್ ಸಿಮ್ 90 ದಿನ ಬಳಕೆಯಾಗದೆ, ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಆಮೇಲೆ ಆ ನಂಬರು ಬೇರೆಯವರ ಪಾಲಾಗುತ್ತದೆ. 120 ದಿನ ತೆರೆಯದಿದ್ದರೆ ವಾಟ್ಸಾಪ್ ಖಾತೆಯೂ ಅಳಿಯುತ್ತದೆ. ಇವತ್ತೇ ರೀಚಾರ್ಜ್ ಮಾಡಿಸಿ, ಒಂದು ಕಾಲ್ ಮಾಡಿಬಿಡಿ. 18 ತುಂಬದವರ ಹೆಸರಿಗೆ ಸಿಮ್ ಕೊಡುವುದಿಲ್ಲ. ಹಾಗಾಗಿ ಅದು ನಿಮ್ಮ ಅಕ್ಕನದೋ ಭಾವನದೋ ಹೆಸರಲ್ಲಿರುತ್ತದೆ, ಓಡಾಟ ಕಡಿಮೆ.

ಫೋನನ್ನು ಅರ್ಧ ಗಂಟೆ ಚಾರ್ಜಿಗೆ ಹಾಕಿ, ಆಮೇಲೆ ಆನ್ ಮಾಡಿ. ಪಿನ್ ಸರಿಹೋಗದಿದ್ದರೆ ಊಹಿಸಿ ಒತ್ತುತ್ತಾ ಕೂರಬೇಡಿ. "ಲಾಕ್ ತೆಗೆದುಕೊಡ್ತೀವಿ" ಅನ್ನುವ ಅಂಗಡಿಗೂ ಕೊಡಬೇಡಿ. ಅವರು ಸಾಮಾನ್ಯವಾಗಿ ಮಾಡುವುದು ರೀಸೆಟ್, ಒಳಗಿದ್ದದ್ದೆಲ್ಲ ಹೋಗುತ್ತದೆ. ಅವಳ ವಾಟ್ಸಾಪನ್ನು ಬೇರೆ ಫೋನಿನಲ್ಲಿ ಹೊಸದಾಗಿ ತೆರೆಯಲೂ ಬೇಡಿ, ಹಳೆಯ ಫೋನಿನಲ್ಲಿ ಲಾಗೌಟ್ ಆಗುತ್ತದೆ.

ಕಂಪ್ಯೂಟರಿಗೆ ಕೇಬಲ್ ಹಾಕಿ, ಆಂಡ್ರಾಯ್ಡ್ ಫೋಲ್ಡರಿನೊಳಗೆ ಮೀಡಿಯಾ, ಅದರೊಳಗೆ ವಾಟ್ಸಾಪ್ ಫೋಲ್ಡರ್ ಹುಡುಕಿ, ಇಡಿಯಾಗಿ ಕಾಪಿ ಮಾಡಿ. 'ವಾಯ್ಸ್ ನೋಟ್ಸ್' ಅಲ್ಲೇ ಇದೆ, ವಾರಕ್ಕೊಂದು ಫೋಲ್ಡರಿನಂತೆ. ಕಳಿಸಿದ್ದು, ಬಂದದ್ದು ಎರಡೂ ಬೆರೆತಿರುತ್ತವೆ, ಒಂದೊಂದೇ ಕೇಳಿ ಬೇರೆ ಮಾಡಬೇಕು. ಫೈಲುಗಳು ಓಪಸ್ ರೂಪದಲ್ಲಿರುತ್ತವೆ, ವಿಎಲ್‌ಸಿ ಪ್ಲೇಯರಿನಲ್ಲಿ ಕೇಳಿಸುತ್ತವೆ. ಎಂಪಿ3 ಪ್ರತಿ ಮಾಡಿಕೊಂಡರೂ ಮೂಲ ಅಳಿಸಬೇಡಿ. ಅವಳು ಡಿಲೀಟ್ ಮಾಡಿದ್ದು ಕೇಳಿಸಿಕೊಂಡವರ ಫೋನಿನಲ್ಲಿ ಉಳಿದಿರಬಹುದು, ಆದ್ದರಿಂದ ಅಜ್ಜಿಯ ಫೋನೂ ನೋಡಿ. "ಅಜ್ಜಿ, ಊಟ ಆಯ್ತಾ" ಅನ್ನುವ ನಾಲ್ಕು ಸೆಕೆಂಡಿನ ತುಣುಕಿಗೆ ಮುಂದೆ ಬೆಲೆ ಕಟ್ಟಲಾಗದು. ಒಂದು ಪ್ರತಿ ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ.

ಇನ್‌ಸ್ಟಾಗ್ರಾಮ್ ಖಾತೆಯನ್ನು ಸ್ಮರಣಾರ್ಥ (ತೀರಿಕೊಂಡವರ ನೆನಪಿನ ಖಾತೆ) ಮಾಡಿಸಿದ ಮೇಲೆ ಯಾರಿಗೂ ಲಾಗಿನ್ ಆಗಲು ಬರುವುದಿಲ್ಲ. ಮೊದಲು ಎಲ್ಲ ಡೌನ್‌ಲೋಡ್ ಮಾಡಿಕೊಳ್ಳಿ. ಗೆಳತಿಯರ ಜೊತೆಗಿನ ಚಾಟ್ ಮಾತ್ರ ಓದಬೇಡಿ ಅಂತ ನನ್ನ ಕೋರಿಕೆ. ಅದರಲ್ಲಿ ಬದುಕಿರುವ ಮಕ್ಕಳ ಗುಟ್ಟೂ ಇರುತ್ತದೆ.

ದಾದರ್ ಅಚ್ಚುಮನೆ
ಪುಸ್ತಕದ ಬಗ್ಗೆ. ಎ5 ಅಳತೆ, ನಡುವೆ ಪಿನ್ ಹೊಡೆದದ್ದು ಸಾಕು. ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 24, 28, 32. ಮುಂಬೈಯ ಪ್ರೆಸ್ಸುಗಳಲ್ಲಿ ಕನ್ನಡ ಕೆಡುವುದು ಒತ್ತಕ್ಷರದಲ್ಲಿ. ವರ್ಡ್ ಫೈಲ್ ಕೊಟ್ಟರೆ ಅವರಲ್ಲಿ ಫಾಂಟ್ ಇಲ್ಲದೆ 'ಅಜ್ಜಿ' ಒಡೆದು ಬರುತ್ತದೆ. ಫಾಂಟ್ ಸೇರಿಸಿದ ಪಿಡಿಎಫ್ ನೀವೇ ಮಾಡಿಕೊಡಿ, ಒಂದು ಪ್ರತಿ ಅಚ್ಚಾಗಿ ಬಂದದ್ದನ್ನು ಓದಿಯೇ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.

ವಾಟ್ಸಾಪಿನಲ್ಲಿ ಬಂದ ಫೋಟೋದ ಉದ್ದ ಬದಿ ಸಾಮಾನ್ಯವಾಗಿ 1,600 ಪಿಕ್ಸೆಲ್. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಐದು ಇಂಚು ದಾಟಿದರೆ ಮಸುಕು. ಗೋಡೆಗೆ 8x10 ಇಂಚಿನ ಫೋಟೋ ಬೇಕಿದ್ದರೆ 2400x3000 ಪಿಕ್ಸೆಲ್ ಬೇಕು. ತೆಗೆದವರಿಂದಲೇ ಮೂಲ ಫೈಲನ್ನು 'ಡಾಕ್ಯುಮೆಂಟ್' ಆಗಿ ತರಿಸಿ.

ಮರಾಠಿ, ಹಿಂದಿಯಲ್ಲಿ ಬರೆದ ಗೆಳತಿಯರ ಪತ್ರಗಳನ್ನು ಕನ್ನಡಕ್ಕೆ ತರಬೇಡಿ, ಹಾಗೇ ಹಾಕಿ. ಅವಳ ನೋಟ್‌ಬುಕ್ಕಿನ ಕೊನೆಯ ಪುಟ ಬಿಡಬೇಡಿ: ಪೆನ್ನು ಹರಿಯುತ್ತದೋ ಎಂದು ಗೀಚಿದ ಸುರುಳಿ, ಬಗೆಬಗೆಯಾಗಿ ಹಾಕಿ ನೋಡಿದ ಸಹಿ, ಎಲ್ಲ ಅಲ್ಲೇ ಇರುತ್ತದೆ. 600 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ.

ಡೊಂಬಿವಲಿ ಚಿಕ್ಕಮ್ಮ
ರೀಚಾರ್ಜ್ ಮಾಡಿಸಿದೆ. ಆ ಪುಟಗಳನ್ನು ಲ್ಯಾಮಿನೇಷನ್ ಮಾಡಿಸಲೇ? ಯೂನಿಫಾರ್ಮ್ ಒಗೆಯಬೇಡ ಅಂತಾಳೆ ಅಕ್ಕ.

ದಾದರ್ ಅಚ್ಚುಮನೆ
ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿ ಅಂಟು ಕಾಗದಕ್ಕೆ ಹತ್ತಿದರೆ ಬಿಡಿಸಲಾಗದು. ಆಮ್ಲರಹಿತ ಕಾಗದದ ನಡುವೆ ಇಡಿ. ಫ್ರೇಮಿನಲ್ಲಿ ಗಾಜಿಗೂ ಫೋಟೋಗೂ ನಡುವೆ ಮೌಂಟ್ (ಸುತ್ತಲಿನ ದಪ್ಪ ರಟ್ಟಿನ ಅಂಚು) ಹಾಕಿಸಿ, ಇಲ್ಲವಾದರೆ ನಮ್ಮ ಮಳೆಗಾಲಕ್ಕೆ ಫೋಟೋ ಗಾಜಿಗೇ ಅಂಟುತ್ತದೆ. ಯೂನಿಫಾರ್ಮಿನ ವಿಷಯದಲ್ಲಿ ಅಕ್ಕ ಹೇಳಿದ್ದೇ ಸರಿ. ಪೂರ್ತಿ ಒಣಗಿದೆಯೇ ನೋಡಿ, ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನುಸಿಗುಳಿಗೆ ಹಾಕಿದರೆ ಅವಳ ವಾಸನೆ ಹೋಗಿ ಅದರದೇ ಉಳಿಯುತ್ತದೆ.

ಮಾಟುಂಗಾ
ನುಡಿನಮನಕ್ಕೆ ಒಂದು ಮಾತು. ವರ್ಷಾಂತಿಕ ತಿಥಿಯ ಪ್ರಕಾರ ಬರುವುದರಿಂದ ತಾರೀಖು ಆಚೀಚೆ ಆಗುತ್ತದೆ. ಮಕ್ಕಳಿಗೆ ನೆನಪಿರುವುದು ಹುಟ್ಟುಹಬ್ಬ. ಕರ್ಮವನ್ನು ತಿಥಿಗೆ ಮಾಡಿ, ಗೆಳತಿಯರನ್ನು ಹುಟ್ಟುಹಬ್ಬದ ಹತ್ತಿರದ ರಜೆಗೆ ಕರೆಯಿರಿ. ಮಾಟುಂಗಾ, ಮಾಹಿಮ್‌ನ ಸಭಾಂಗಣಗಳು ಚೆನ್ನಾಗಿವೆ ನಿಜ, ಆದರೆ ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು) ಇದ್ದರೆ ಡೊಂಬಿವಲಿಯ ಮಕ್ಕಳು ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಾರೆ. ನಿಮ್ಮ ಸೊಸೈಟಿಯ ಹಾಲೇ ಸಾಕು. ಮೈಕು ಮೊದಲು ಮಕ್ಕಳಿಗೆ ಕೊಡಿ. ಹಿರಿಯರು ಹತ್ತತ್ತು ನಿಮಿಷ ಮಾತಾಡಿದ ಮೇಲೆ ಹದಿನಾರರ ಹುಡುಗಿಯರು ಬಾಯಿ ಬಿಡುವುದಿಲ್ಲ. ಮಾತಾಡಲಾಗದವರು ಚೀಟಿಯಲ್ಲಿ ಬರೆದುಕೊಡಲಿ, ಒಬ್ಬರು ಓದಲಿ. ಅಕ್ಕ-ಭಾವನನ್ನು ವೇದಿಕೆಯಲ್ಲಿ ಕೂರಿಸಬೇಡಿ. ಬೇಕೆನಿಸಿದಾಗ ಎದ್ದು ಹೊರಗೆ ಹೋಗಲು ಬಾಗಿಲ ಪಕ್ಕದ ಕುರ್ಚಿಯಿರಲಿ. ದನಿಯ ತುಣುಕು ಕೇಳಿಸುವುದಾದರೆ ಅವರಿಬ್ಬರಿಗೆ ಮನೆಯಲ್ಲೇ ಮೊದಲು ಕೇಳಿಸಿ, ಒಪ್ಪಿದರೆ ಮಾತ್ರ ಸಭೆಯಲ್ಲಿ ಹಾಕಿ.