ಎರಡು ದಿನಕ್ಕೆ ವಿಜಯಪುರ: ಹೋಗಿ ಬಂದವರು ಅನುಭವ ಹೇಳಿ

ಮಲ್ಲೇಶ್ವರಂ_ಮನೆ
ನವೆಂಬರ್ ಕೊನೇ ವಾರ ಶುಕ್ರವಾರ ರಾತ್ರಿ ಬೆಂಗಳೂರಿಂದ ಹೊರಟು, ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಕೂರೋ ಹಾಗೆ ವಿಜಯಪುರ ನೋಡಬೇಕು ಅಂತಿದೀವಿ. ನಾನು, ಯಜಮಾನ್ರು, ಒಂಬತ್ತು ವರ್ಷದ ಮಗ, ಅತ್ತೆ. ಅತ್ತೆಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಹತ್ತಕ್ಕಾಗಲ್ಲ. ನಾವು ಸಸ್ಯಾಹಾರಿಗಳು. ಕಾರಾ, ರೈಲಾ, ಬಸ್ಸಾ? ಬಾದಾಮಿನೂ ಸೇರಿಸಬಹುದಾ? ಊಟ ಹೇಗಿರುತ್ತೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಡೀಸೆಲ್_ದಾರಿ
ಕಾರೇ ತಗೊಂಡು ಹೋಗಿ ಮೇಡಂ, ಬೇರೆ ಯೋಚನೆನೇ ಬೇಡ. ಚಿತ್ರದುರ್ಗದವರೆಗೆ 48, ಅಲ್ಲಿಂದ 50ನೇ ಹೆದ್ದಾರಿ. ಹೊಸಪೇಟೆ, ಕುಷ್ಟಗಿ, ಇಳಕಲ್, ನಿಡಗುಂದಿ, ಸೀದಾ ವಿಜಯಪುರ. 530 ಕಿ.ಮೀ. ಆಸುಪಾಸು. ನಾವು ಜನವರಿಯಲ್ಲಿ ಹೋಗಿದ್ವಿ. ಹೋಗಿ ಬಂದು, ಊರೊಳಗೆ ಸುತ್ತಾಡಿದ್ದೂ ಸೇರಿ ಡೀಸೆಲ್ 6,100. ಟೋಲ್ ಎರಡೂ ಕಡೆಯಿಂದ ಸಾವಿರದ ಮುನ್ನೂರು ಚಿಲ್ಲರೆ.

ಕುಷ್ಟಗಿ ದಾಟಿದ ಮೇಲೆ ಹಿಂದಿನ ಎಡಗಡೆ ಟೈರಿನ ಸೈಡ್‌ವಾಲ್ ಸೀಳಿತು. ಪಂಕ್ಚರ್ ಅಂಗಡಿಯವರು ನೋಡಿ, ಇದಕ್ಕೆ ಪ್ಯಾಚ್ ನಿಲ್ಲಲ್ಲ ಅಂದ್ರು. ಸ್ಟೆಪ್ನಿ ಹಾಕ್ಕೊಂಡು ಇಳಕಲ್‌ವರೆಗೆ ನಿಧಾನಕ್ಕೆ ಬಂದ್ವಿ. ಅಲ್ಲಿ ನಮ್ಮ ಸೈಜಿನದು ಒಂದೇ ಒಂದು ಕಂಪನಿಯ ಟೈರ್ ಇತ್ತು, 5,400 ಹೇಳಿದ್ರು, ಚೌಕಾಸಿ ಮಾಡಿದ್ರೂ ನೂರು ರೂಪಾಯಿ ಬಿಡಲಿಲ್ಲ. ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅಂತ ಮತ್ತೆ 750. ಮಧ್ಯಾಹ್ನಕ್ಕೆ ಗೋಳಗುಮ್ಮಟದೊಳಗೆ ಇರಬೇಕಾಗಿದ್ದವರು ಊರು ಸೇರೋ ಹೊತ್ತಿಗೆ ಟಿಕೆಟ್ ಕೌಂಟರ್ ಮುಚ್ಚಿತ್ತು. ಲಾಡ್ಜ್‌ನವರು ಫೋನಲ್ಲಿ ಪಾರ್ಕಿಂಗ್ ಇದೆ ಅಂದಿದ್ರು, ಹೋಗಿ ನೋಡಿದ್ರೆ ರಸ್ತೆ ಬದಿ. ಬೆಳಿಗ್ಗೆ ಎದ್ದು ನೋಡಿದ್ರೆ ಬಲಗಡೆ ಕನ್ನಡಿ ಪುಡಿ. ಬೆಂಗಳೂರಿಗೆ ಬಂದು ಹಾಕಿಸಿದ್ದಕ್ಕೆ 1,850. ಇಷ್ಟಾದ್ರೂ ಮತ್ತೆ ಹೋದ್ರೆ ಕಾರಲ್ಲೇ ಹೋಗ್ತೀನಿ. ಎಲ್ಲಿ ಬೇಕಲ್ಲಿ ನಿಲ್ಲಿಸಬಹುದು, ಇಳಕಲ್ಲಲ್ಲಿ ಸೀರೆ ತಗೋಬಹುದು. ನಮ್ಮನೆಯವರು ತಗೊಂಡ್ರು.

ಹುಬ್ಬಳ್ಳಿ_ಸೊಸೆ
ಅವರ ಟೈರಿನ ದುಡ್ಡಲ್ಲಿ ನಮ್ಮ ನಾಲ್ಕು ಜನದ ರೈಲು ಖರ್ಚು ಪೂರ್ತಿ ಮುಗಿದು ರೊಟ್ಟಿ ಊಟಕ್ಕೂ ಉಳೀತು. ಗೋಲಗುಂಬಜ್ ಎಕ್ಸ್‌ಪ್ರೆಸ್ ಇರೋದೇ ಇದಕ್ಕೆ. ಸ್ಲೀಪರ್ ನಾಲ್ಕು ಟಿಕೆಟ್, ಒಂದು ಕಡೆಗೆ 1,700ರೊಳಗೆ. ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ ಸುತ್ತಿ ಬರುತ್ತೆ ಅಂತ ಜನ ಮೂಗು ಮುರೀತಾರೆ. ರಾತ್ರಿಯೆಲ್ಲ ಮಲಗಿರೋರಿಗೆ ಸುತ್ತಿದ್ರೆ ಏನು ಬಿಟ್ರೆ ಏನು? ಬೆಳಿಗ್ಗೆ ಆಲಮಟ್ಟಿ ಹತ್ರ ಕೃಷ್ಣೆ ದಾಟುವಾಗ ಬಾಗಿಲ ಹತ್ರ ನಿಂತು ನೋಡಿದ್ದು ನನ್ನ ಮಕ್ಕಳು ಇವತ್ತಿಗೂ ಹೇಳ್ತಾರೆ. ಊರು ಹತ್ರ ಬರ್ತಿದ್ದ ಹಾಗೆ ಕಿಟಕಿಯಲ್ಲೇ ಗುಮ್ಮಟ ಕಾಣುತ್ತೆ. ಸ್ಟೇಷನ್ನಿಂದ ಆಟೋ ಹತ್ತಿದ್ರೆ ಕೂತಷ್ಟೇ ಹೊತ್ತು.

ಬೇಜಾರಾಗಿದ್ದು ಎರಡು. ಒಂದು, ಅರವತ್ತೆಂಟರ ಮಾವನಿಗೆ ಮೇಲಿನ ಬರ್ತ್ ಕೊಟ್ಟಿದ್ರು. ಕೆಳಗಿನ ಬರ್ತಿನ ಹುಡುಗರನ್ನ ಕೇಳಿದ್ರೆ ಇಯರ್‌ಫೋನ್ ತೆಗೀಲೇ ಇಲ್ಲ. ಟಿ.ಟಿ. ಬಂದು ಹೇಳಿದ ಮೇಲೆ ಎದ್ರು. ಅಷ್ಟೊತ್ತಿಗೆ ಅರಸೀಕೆರೆ ದಾಟಿತ್ತು. ಎರಡು, ವಾಪಸ್ ರೈಲಿಗಾಗಿ ಭಾನುವಾರ ಊಟ ಆದ್ಮೇಲೆ ಏನೂ ನೋಡಕ್ಕಾಗಲಿಲ್ಲ. ಆದ್ರೆ ಬಸವ ಎಕ್ಸ್‌ಪ್ರೆಸ್ ಮಾತ್ರ ಬುಕ್ ಮಾಡ್ಬೇಡಿ, ಅದು ರಾಯಚೂರು, ಕಲಬುರಗಿ, ಸೊಲ್ಲಾಪುರ ಎಲ್ಲಾ ಮುಗಿಸ್ಕೊಂಡು ಬರೋದು. ನಮ್ಮ ನಾದಿನಿ ಗೊತ್ತಿಲ್ಲದೆ ಹತ್ತಿ ಅವರ ಶನಿವಾರ ರೈಲಲ್ಲೇ ಕಳೀತು.

ಡೀಸೆಲ್_ದಾರಿ
ಭಾನುವಾರ ಮಧ್ಯಾಹ್ನವೇ ಗಂಟುಮೂಟೆ ಕಟ್ಟೋದಾದ್ರೆ ಎರಡು ದಿನದ ಪ್ರವಾಸ ಹೇಗಾಗುತ್ತೆ? ನಾವು ರಾತ್ರಿ ಊಟ ಮಾಡ್ಕೊಂಡು ಹೊರಟ್ವಿ.

ಹುಬ್ಬಳ್ಳಿ_ಸೊಸೆ
ಇಡೀ ರಾತ್ರಿ ಗಾಡಿ ಓಡಿಸಿ ಸೋಮವಾರ ಆಫೀಸಿಗೆ ಹೋಗಿ ಅಂತ ಮಕ್ಕಳೊಂದಿಗರಿಗೆ ಹೇಳ್ತಿದೀರಲ್ಲ, ಅದು ಸರಿಯಲ್ಲ. ರಾತ್ರಿ ಆ ಹೆದ್ದಾರಿಯಲ್ಲಿ ಲಾರಿಗಳು ಹೇಗೆ ಬರ್ತವೆ ಅಂತ ಹುಬ್ಬಳ್ಳಿ ಕಡೆಯವರಿಗೆ ಗೊತ್ತು.

ಗುಮ್ಮಟದ_ನೆರಳು
ನೀವು ಟೈರು, ಬರ್ತು ಅಂತ ಜಗಳಾ ಮಾಡಾಕತ್ತೀರಿ, ನಮ್ಮ ಊರಿನ ಬಗ್ಗೆ ಒಬ್ರೂ ಮಾತಾಡವಲ್ರಿ. ನಾ ಇಲ್ಲೇ ಹುಟ್ಟಿ ಬೆಳದಾಂವ, ಹೇಳ್ತೀನಿ ಕೇಳ್ರಿ.

ಗೋಳಗುಮ್ಮಟಕ್ಕ ಮುಂಜಾನಿ ಆರಕ್ಕ, ಗೇಟ್ ತೆರದ ಕೂಡ್ಲೆ ಒಳಗ ಹೋಗ್ರಿ. ಒಂಬತ್ತಕ್ಕ ಸಾಲಿ ಹುಡುಗರ ಬಸ್ಸು ಬಂದ್ರ ಮುಗೀತು. ಸೀಟಿ, ಕೇಕೆ, ಚಪ್ಪಾಳಿ. ಒಮ್ಮೆ ಒದರಿದ್ರ ಏಳು ಸಲ ತಿರುಗಿ ಬರೋ ಜಾಗಾ ಅದು, ಇನ್ನೂರು ಹುಡುಗರು ಒದರಿದ್ರ ಏನಾದೀತು? ಮುಂಜಾನಿ ಯಾರೂ ಇಲ್ಲದಾಗ ಮ್ಯಾಲ ಗ್ಯಾಲರಿಗೆ ಹೋಗಿ ಗ್ವಾಡಿ ಕಡೆ ಮಾರಿ ಮಾಡಿ ಕುಂಡ್ರಬೇಕು. ಆ ಕಡೆ ಒಬ್ರು ಪೇಪರ್ ತುಂಡು ನಿಧಾನ ಹರೀಬೇಕು. ಆ ಚರ್ರ್ ಅನ್ನೋ ಸಪ್ಪಳ ನಿಮ್ಮ ಕಿವ್ಯಾಗ ಬಂದಂಗ ಕೇಳತೈತಿ. ಒಳಗಿನ ಅಗಲ ಸುಮಾರು 38 ಮೀಟರ್, ನಡುವ ಒಂದ್ ಕಂಬ ಇಲ್ಲ. ಒಂದರೊಳಗ ಒಂದು ಹಾಯ್ದ ಕಮಾನುಗಳು ಅಷ್ಟೂ ಭಾರ ಹೊತ್ತು ನಿಂತಾವ. 1656ರಾಗ ಇಲ್ಲಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ, ಅಂವಂದ ಗೋರಿ ಅದು. ಗೋರಿ ಮ್ಯಾಲ ನಿಂತು ಸೀಟಿ ಹೊಡಿಯೋರನ್ನ ನೋಡಿದ್ರ ನನ್ನ ಹೊಟ್ಟಿ ಉರೀತೈತಿ.

ಮಲಿಕ್-ಎ-ಮೈದಾನ್ ತೋಪು ನೋಡದ ಹೋಗಬ್ಯಾಡ್ರಿ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, 55 ಟನ್. ಬಾಯಿ ಸಿಂಹದ್ದು, ಹಲ್ಲಿನ ನಡುವ ಆನಿ ಸಿಕ್ಕೊಂಡೈತಿ. 1854ರಾಗ ಇಂಗ್ಲಿಷರು ಇದನ್ನ 150 ರೂಪಾಯಿಕ್ಕ ಹರಾಜ ಹಾಕಿದ್ರು, ಆಮ್ಯಾಲ ರದ್ದ ಮಾಡಿದ್ರು. ಅದೃಷ್ಟಾ ಉಳಿಸ್ತು. ಈಗ ಅದರ ಬಾಯಾಗ ಚಿಪ್ಸ್ ಪಾಕೀಟು ತುರುಕ್ತಾರ. ಹ್ವಾದ ವಾರ ನಾನ ಕೈ ಹಾಕಿ ತಗದೀನಿ.

ಚಾಲುಕ್ಯ_ಅಭಿಮಾನಿ
ಬಾದಾಮಿ ಖಂಡಿತ ಸೇರಿಸಿ. ನಾವು ಶನಿವಾರ ವಿಜಯಪುರ ಮುಗಿಸಿ, ಭಾನುವಾರ ಬೆಳಿಗ್ಗೆ ಐದಕ್ಕೆ ಟ್ಯಾಕ್ಸಿ ಹಿಡಿದು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ನೋಡಿದ್ವಿ. ಟ್ಯಾಕ್ಸಿ 4,800, ಡ್ರೈವರ್ ಬಾಟಾ 400. ನಂತರ ರಾತ್ರಿ ಎಂಟಾಯ್ತು ಅಂತ ಮತ್ತೆ 300 ಕೇಳಿದ, ವಾದ ಮಾಡಿ 200ಕ್ಕೆ ನಿಂತಿತು. ಮಾತಾಡಿದ್ದು ಒಂದು ಗಾಡಿ, ಬಂದಿದ್ದು ಇನ್ನೊಂದು, ಎ.ಸಿ. ಇಲ್ಲ. ಕೇಳಿದ್ರೆ ಗ್ಯಾಸ್ ಖಾಲಿ ಅಂದ. ದುಡ್ಡಿನ ವಿಷಯಕ್ಕಿಂತ ಆ ಮಾತು ತಪ್ಪಿದ್ದು ಇನ್ನೂ ಚುಚ್ಚುತ್ತೆ.

ಆದರೆ ಬಾದಾಮಿಯ ಮೂರನೇ ಗುಹೆ, 578ರಲ್ಲಿ ಮಂಗಲೇಶ ಮಾಡಿಸಿದ್ದು, ಅದರ ಮುಂದೆ ನಿಂತಾಗ ಎಲ್ಲಾ ಮರೆತುಹೋಯ್ತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ವಿಕ್ರಮಾದಿತ್ಯ ಪಲ್ಲವರನ್ನು ಗೆದ್ದ ನೆನಪಿಗೆ. ಬಾದಾಮಿ ಹತ್ರದ ಬನಶಂಕರಿಯಲ್ಲಿ ಬುಟ್ಟಿ ಇಟ್ಕೊಂಡು ಕೂತ ಅಮ್ಮಂದಿರ ಹತ್ರ ರೊಟ್ಟಿ, ಪುಂಡಿ ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಅಂಥ ಊಟ ವಿಜಯಪುರದ ಯಾವ ಹೋಟೆಲಲ್ಲೂ ಸಿಗಲಿಲ್ಲ. ನನ್ನ ಕೇಳಿದ್ರೆ ವಿಜಯಪುರಕ್ಕೆ ಒಂದು ದಿನ ಸಾಕು.

ಗುಮ್ಮಟದ_ನೆರಳು
ಒಂದು ದಿನ ಸಾಕು ಅಂತೀರಲ್ಲ ಸರ, ಇಬ್ರಾಹಿಂ ರೋಜಾದಾಗ ಎಷ್ಟೊತ್ತು ಇದ್ರಿ? ಕಿಟಕಿ ನೋಡಿದ್ರ್ಯೋ ಇಲ್ಲೋ? ಕಲ್ಲಿನ ಜಾಲಿ ಅಂದ್ರ ಸುಮ್ನ ಹೂಬಳ್ಳಿ ಅಲ್ಲ, ಅರಬ್ಬಿ ಅಕ್ಷರಾನ ಕೊರದು ಜಾಲಿ ಮಾಡ್ಯಾರ. ಬೆಳಕು ಒಳಗ ಬರೋದ ಆ ಅಕ್ಷರದ ಸಂದಿಲಿಂದ. ಕಟ್ಟಿಸಿದ ಸುಲ್ತಾನ ಎರಡನೇ ಇಬ್ರಾಹಿಂಗ ಜಗದ್ಗುರು ಬಾದಶಹಾ ಅಂತಿದ್ರು, ಸರಸ್ವತಿ, ಗಣಪತಿ ಮ್ಯಾಲ ಹಾಡು ಬರದಾಂವ. ಜೋಡ ಗುಮ್ಮಟ ನೋಡಿದ್ರಿ? ತಾಜ್ ಬಾವಡಿ? ಜಾಮಿಯಾ ಮಸೀದಿ ನೆಲದ ಮ್ಯಾಲ ನಮಾಜಿಗೆ ಗೆರಿ ಹಾಕಿದ 2,250 ಮನಿ? ಬಾರಾ ಕಮಾನಿಗೆ ಚಾವಣಿ ಯಾಕಿಲ್ಲ ಅಂತ ಯಾರನ್ನಾರ ಕೇಳಿದ್ರಿ? ಅದು ಸುಲ್ತಾನ ಎರಡನೇ ಅಲಿ ಆದಿಲ್ ಶಾಹನ ಗೋರಿ, ಅಂವ 1672ರಾಗ ಸತ್ತ, ಕಟ್ಟೋದು ಅಲ್ಲಿಗೇ ನಿಂತಿತು. ಇಷ್ಟೂ ಬಿಟ್ಟು ಫೋಟೋ ತಕ್ಕೊಂಡು ಹ್ವಾದವರು ಊರಿಗೆ ಮಾರ್ಕ್ಸ್ ಹಾಕಬ್ಯಾಡ್ರಿ.

ಚಾಲುಕ್ಯ_ಅಭಿಮಾನಿ
ನಾನು ಊರಿಗೆ ಅವಮಾನ ಮಾಡಿಲ್ಲ. ಬೆಂಗಳೂರಿಂದ ಅಷ್ಟು ದೂರ ಬಂದವರು ಪಟ್ಟದಕಲ್ಲು ಬಿಟ್ಟು ಹೋದ್ರೆ ಮತ್ತೆ ಯಾವಾಗ ಬರ್ತಾರೆ? 1987ರಿಂದ ವಿಶ್ವ ಪರಂಪರೆಯ ತಾಣ ಅದು.

ಗುಮ್ಮಟದ_ನೆರಳು
ಅದಕ್ಕ ಬ್ಯಾರೆ ಬರ್ರಿ ಅಂತೀನಿ ನಾ. ಎರಡೂ ಊರಿಗೆ ಅನ್ಯಾಯ ಮಾಡಬ್ಯಾಡ್ರಿ.

ಬಿಸಿ_ರೊಟ್ಟಿ
ಊಟದ ಮಾತಿಗೆ ಬರ್ತೀನಿ. ಹವಾನಿಯಂತ್ರಿತ ರೆಸ್ಟೋರೆಂಟಿಗೆ ಹೋಗ್ಬೇಡಿ. ಊರಿನ ದೊಡ್ಡ ಹೋಟೆಲೊಂದರಲ್ಲಿ ನಮಗೆ ಪನೀರ್ ಮಸಾಲ 260, ಬಟರ್ ನಾನ್ ತಲಾ 55, ಜೀರಾ ರೈಸ್ 170, ಕೇಳದೆ ತಂದಿಟ್ಟ ನೀರಿನ ಬಾಟಲಿಗೆ 40, ಎಲ್ಲಾ ಸೇರಿ ಮೂರು ಜನಕ್ಕೆ 1,140. ರುಚಿ ಕೋರಮಂಗಲದ್ದೇ. ಮಾರನೇ ದಿನ ಬಸ್ ನಿಲ್ದಾಣದ ಕಡೆ ಒಂದು ಲಿಂಗಾಯತ ಖಾನಾವಳಿಗೆ ಹೋದ್ವಿ. ತಲಾ 120. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳು ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ ಸಾರು. ಕೂತ ತಕ್ಷಣ ಬಿಸಿ ರೊಟ್ಟಿ ಅಂತ ಹೇಳಿ, ಇಲ್ಲದಿದ್ರೆ ಖಡಕ್ ರೊಟ್ಟಿ ತಂದಿಡ್ತಾರೆ. ಒಲೆ ಮುಂದಿದ್ದ ಅಕ್ಕ ಹಿಟ್ಟನ್ನು ಎರಡೂ ಅಂಗೈಲಿ ತಟ್ಟಿ, ಬೆಂದದ್ದನ್ನ ಕೆಂಡದ ಪಕ್ಕ ನಿಲ್ಲಿಸಿ ಉಬ್ಬಿಸ್ತಿದ್ರು. ನಮ್ಮಮ್ಮ ಊಟ ಬಿಟ್ಟು ಅದನ್ನೇ ನೋಡ್ತಾ ಕೂತ್ರು.

ಡೀಸೆಲ್_ದಾರಿ
ಮಕ್ಕಳಿಗೆ ಆ ಖಾರ ಆಗಲ್ಲ. ನಮ್ಮ ಮಗಳು ಎಣ್ಣೆಗಾಯಿ ಬಾಯಿಗಿಟ್ಟು ಅತ್ತುಬಿಟ್ಟಳು. ಆಮೇಲೆ ಎರಡೂ ಹೊತ್ತು ಹೋಟೆಲ್ ಊಟವೇ.

ಬಿಸಿ_ರೊಟ್ಟಿ
ರೊಟ್ಟಿಗೆ ಮೊಸರು, ಶೇಂಗಾ ಹಿಂಡಿ ಕಲಸಿ ಕೊಟ್ಟಿದ್ರೆ ತಿಂತಿತ್ತು ಮಗು. ಈ ಸೀಮೆಗೆ ಬಂದು ನಾನ್ ತಿನ್ನಿಸೋದಾದ್ರೆ ಮನೇಲೇ ಇರಬಹುದಿತ್ತು.

ಡೀಸೆಲ್_ದಾರಿ
ನನ್ನ ಮಗು ಏನು ತಿನ್ನುತ್ತೆ ಅಂತ ನನಗೆ ಗೊತ್ತು. ಹೇಳಿಕೊಡೋದು ಬೇಡ.

ಮಲ್ಲೇಶ್ವರಂ_ಮನೆ
ಎಲ್ಲರಿಗೂ ಧನ್ಯವಾದ. ಆದ್ರೆ ಅತ್ತೆಯವರ ಮಂಡಿ ವಿಷಯ ಯಾರೂ ಹೇಳಲಿಲ್ಲ. ಗೋಳಗುಮ್ಮಟ ಅವರು ನೋಡಬಹುದಾ?

ಗುಮ್ಮಟದ_ನೆರಳು
ಅಕ್ಕಾರ, ಗ್ಯಾಲರಿಗೆ ಏಳು ಅಂತಸ್ತು, ಇಕ್ಕಟ್ಟಾದ ಸುತ್ತು ಮೆಟ್ಟಲ. ಅದು ಅವರಿಗೆ ಬ್ಯಾಡ. ಕೆಳಗಿನ ಹಾಲಿಗೆ ಒಂದಿಷ್ಟು ಮೆಟ್ಟಲ ಅದಾವ, ಕೈ ಹಿಡದ್ರ ಆಗತೈತಿ. ಒಳಗ ನಿಂತು ಮ್ಯಾಲ ನೋಡಿದ್ರೂ ಸಾಕು, ನಿಮ್ಮ ಮಗ ಮ್ಯಾಲಿಂದ ಮಾತಾಡಿದ್ದು ಅವರಿಗೆ ಕೇಳತೈತಿ. ಟಿಕೆಟ್ ದೊಡ್ಡವರಿಗೆ 25, ಹುಡುಗಗ ಇಲ್ಲ. ಮುಂದಿನ ನಗಾರಖಾನೆದಾಗಿನ ಮ್ಯೂಸಿಯಂ ಶುಕ್ರವಾರ ಬಂದ್, ಶನಿವಾರ ತೆರದಿರ್ತೈತಿ. ಇಬ್ರಾಹಿಂ ರೋಜಾ, ಜಾಮಿಯಾ ಮಸೀದಿ ಅವರಿಗೆ ಆರಾಮ. ಉಪ್ಪಲಿ ಬುರುಜು ಕೆಳಗಿಂದ ನೋಡ್ರಿ.

ಇಳಕಲ್_ಸೆರಗು
ಮೇಲೆ ಡೀಸೆಲ್_ದಾರಿಯವರು ಇಳಕಲ್ ಸೀರೆ ತಗೊಂಡ್ವಿ ಅಂದ್ರಲ್ಲ, ಎಷ್ಟಕ್ಕೆ? ನಾನು ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ಕೈಮಗ್ಗದ್ದು ಅಂತ ನಂಬಿ ಎರಡು ತಗೊಂಡೆ, 1,450 ಮತ್ತು 1,600. ಮನೆಗೆ ಬಂದಾಗ ನಮ್ಮ ದೊಡ್ಡಮ್ಮ ಸೆರಗು ತಿರುಗಿಸಿ ನೋಡಿ, ಇದು ಪವರ್‌ಲೂಮ್ ಅಂದ್ರು. ಒಗೆದ ಮೇಲೆ ಅಂಚಿನ ಕೆಂಪು ಒಡಲಿಗೆಲ್ಲಾ ಹತ್ತಿತು. ಅಂಗಡಿಗೆ ಫೋನ್ ಮಾಡಿದ್ರೆ ಬಿಲ್ ಇದ್ಯಾ ಅಂತಾರೆ. ಬಿಲ್ ಕೊಟ್ಟಿದ್ರೆ ತಾನೆ ಇರೋದು!

ಡೀಸೆಲ್_ದಾರಿ
ನಮ್ಮದು 1,200, ಕೈಮಗ್ಗದ್ದೇ. ಸೀಲ್ ಇದೆ, ಅಂಗಡಿಯವರೇ ತೋರಿಸಿದ್ರು.

ಹುಬ್ಬಳ್ಳಿ_ಸೊಸೆ
ಸೀಲ್ ಯಾರು ಬೇಕಾದ್ರೂ ಒತ್ತಬಹುದು. ಇಳಕಲ್ ಸೀರೆಯ ಒಡಲಿನ ನೂಲಿಗೂ ಸೆರಗಿನ ನೂಲಿಗೂ ಕೊಂಡಿ ಹಾಕಿ ಜೋಡಿಸಿರ್ತಾರೆ. ಸೆರಗು ಶುರುವಾಗೋ ಗೆರೆಯಲ್ಲಿ ಹಿಂಭಾಗ ಬೆರಳಾಡಿಸಿದ್ರೆ ಒಂದೊಂದು ಎಳೆಯ ಕೊಂಡಿ ಸಿಗುತ್ತೆ. ಆ ಕೆಲಸ ಮಾಡಕ್ಕೆ ಕೂತು ದಿನಗಟ್ಟಲೆ ಬೇಕು. 1,200ಕ್ಕೆ ನೇಕಾರರಿಗೆ ಏನು ಉಳಿಯುತ್ತೆ ಹೇಳಿ. ಮೇಡಂ, ನೀವು ಹೇಗೂ ರೈಲಲ್ಲಿ ಹೋಗ್ತೀರಿ, ಸೀರೆ ಬೇಕಿದ್ರೆ ನೇಕಾರರ ಸೊಸೈಟಿಯಲ್ಲೇ ತಗೊಳ್ಳಿ.

ಡೀಸೆಲ್_ದಾರಿ
ಅವರು ರೈಲಲ್ಲಿ ಹೋಗ್ತೀನಿ ಅಂತ ಎಲ್ಲೂ ಹೇಳಿಲ್ಲ. ಸೀರೆ ಸೆರಗು ಈಗಲೇ ತಿರುಗಿಸಿ ನೋಡಿದ್ವಿ, ಕೊಂಡಿ ಇದೆ. ಫೋಟೋ ಹಾಕ್ತೀನಿ.

ಇಳಕಲ್_ಸೆರಗು
ಹಿಂಭಾಗದ್ದು ಹಾಕಿ ಸರ್, ಮುಂದಿನದಲ್ಲ.